ತಮ್ಮನ ಫೋನ್ ರೂಟ್ ಮಾಡಿದ್ದು

ವಾರಕ್ಕೆ ಒಬ್ಬರಾದರೂ ಅಂಗಡಿಗೆ ಬಂದು ಕೇಳುತ್ತಾರೆ: "ಫೋನ್ ರೂಟ್ ಮಾಡ್ಕೊಡ್ತೀರಾ? ಮಾಡಿಸಿದ್ರೆ ಏನು ಲಾಭ, ಏನು ನಷ್ಟ?" ಹದಿನೆಂಟು ವರ್ಷದಿಂದ ಫೋನ್ ರಿಪೇರಿ ಮಾಡುತ್ತಿರುವವಳು ನಾನು. ಉತ್ತರ ಹೇಳಿ ಹೇಳಿ ಬಾಯಿ ಸವೆದಿದೆ. ಆದರೂ ಹೇಳುತ್ತೇನೆ, ಕೈಯಲ್ಲಿ ಚಿಮಟ ಹಿಡಿದುಕೊಂಡೇ, ತಲೆ ಎತ್ತದೆ.

ನೀವು ಕೊಂಡ ಫೋನು ಬಾಡಿಗೆ ಮನೆ ಇದ್ದ ಹಾಗೆ. ಒಳಗಿರಬಹುದು, ಉಣ್ಣಬಹುದು, ಮಲಗಬಹುದು. ಆದರೆ ಗೋಡೆಗೊಂದು ಮೊಳೆ ಹೊಡೆಯಲು ಹೋದರೆ ಮಾಲೀಕರು ಬೇಡ ಅನ್ನುತ್ತಾರೆ. ಇಲ್ಲಿ ಮಾಲೀಕರು ಅಂದರೆ ಫೋನು ಮಾಡಿದ ಕಂಪನಿ. ರೂಟ್ ಅಂದರೆ ಆ ಮಾಲೀಕರ ಬೀಗದ ಕೈ ನಿಮ್ಮ ಕೈಗೆ ಬರುವುದು. ಆಮೇಲೆ ಕಂಪನಿ ತುಂಬಿಸಿಟ್ಟ ಕಸವನ್ನೆಲ್ಲ ಕಿತ್ತೆಸೆಯಬಹುದು, ಹಳೇ ಫೋನನ್ನು ಇನ್ನೆರಡು ವರ್ಷ ಓಡಿಸಬಹುದು, ಬ್ಯಾಟರಿ ಉಳಿಸಬಹುದು, ಅವರು ಹಾಕಿದ ಮಿತಿಗಳನ್ನು ತೆಗೆಯಬಹುದು. ನಷ್ಟ ಕೇಳಿದರೆ, ಬೀಗ ತೆಗೆಯುವಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ವಾರಂಟಿ ಹೋಗುತ್ತದೆ, ಬ್ಯಾಂಕಿನ ಆ್ಯಪ್ ಮುಖ ತಿರುಗಿಸುತ್ತದೆ, ಕೈ ತಪ್ಪಿದರೆ ಫೋನು ಮತ್ತೆಂದೂ ಏಳದ ಇಟ್ಟಿಗೆಯಾಗುತ್ತದೆ. ಇನ್ನೊಂದು, ಬೀಗದ ಕೈ ಯಾರ ಹತ್ತಿರ ಇದೆಯೋ ಅವರಿಗೆ ಯಾವ ಕೋಣೆಯ ಬಾಗಿಲೂ ಮುಚ್ಚಿರುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಬಂದವರು ಸ್ಕ್ರೀನ್ ಗಾರ್ಡ್ ಹಾಕಿಸಿಕೊಂಡು ಹೋಗುತ್ತಾರೆ.

ಇಷ್ಟೆಲ್ಲ ಬಲ್ಲವಳು, ಗಿರಾಕಿಗಳಿಗೆ ಬೇಡವೆಂದೇ ಹೇಳುವವಳು, ನನ್ನ ತಮ್ಮನ ಫೋನನ್ನು ನಾನೇ ಕೈಯಾರೆ ರೂಟ್ ಮಾಡಿದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಒಂಬತ್ತನೇ ವಯಸ್ಸಿಗೇ ಅವನಿಗೆ ಸಕ್ಕರೆ ಕಾಯಿಲೆ ಬಂತು, ಅದೂ ಮಾತ್ರೆಗೆ ಬಗ್ಗದಂಥದ್ದು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಲೇಬೇಕು. ಅಮ್ಮನಿಗೆ ಸೂಜಿ ಕಂಡರೆ ಕೈ ನಡುಕ, ಅಪ್ಪ ಆ ಹೊತ್ತಿಗೆ ಸರಿಯಾಗಿ ಏನೋ ಕೆಲಸ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದರು. ಹತ್ತೊಂಬತ್ತು ವರ್ಷದ ನಾನು ಚುಚ್ಚುವುದು ಕಲಿತೆ. ಈಗ ಅವರಿಬ್ಬರೂ ಇಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರೇ. ಅವನಿಗೆ ಮೂವತ್ತಮೂರು, ತಾನೇ ಚುಚ್ಚಿಕೊಳ್ಳುತ್ತಾನೆ, ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಾನೆ, ನನ್ನ ಅಡುಗೆಗೆ ಹೆಸರಿಡುತ್ತಾನೆ. ಆದರೂ ನನ್ನ ಒಂದು ಕಿವಿ ಯಾವಾಗಲೂ ಅವನ ಕಡೆಗೇ ಇರುತ್ತದೆ. ಇಪ್ಪತ್ತನಾಲ್ಕು ವರ್ಷ ಇನ್ನೊಬ್ಬರ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಯೋಚಿಸುತ್ತ ಬದುಕಿದರೆ ಮನುಷ್ಯರು ಎಷ್ಟು ದಣಿಯುತ್ತಾರೆ ಅನ್ನುವುದು ಹೇಳಿದರೆ ಅರ್ಥವಾಗುವಂಥದ್ದಲ್ಲ. ಪ್ರೀತಿ ಕಡಿಮೆಯಾಗಿತ್ತು ಅಂತಲ್ಲ. ಸುಸ್ತಾಗಿತ್ತು, ಅಷ್ಟೆ.

ಸಕ್ಕರೆ ಏರಿದರೆ ನಿಧಾನವಾಗಿ ಕೆಡಿಸುತ್ತದೆ. ಇಳಿದರೆ ಹಾಗಲ್ಲ, ಅರ್ಧ ಗಂಟೆಯಲ್ಲಿ ಮನುಷ್ಯನನ್ನು ನೆಲಕ್ಕೆ ಕೆಡವುತ್ತದೆ. ಮೊದಲೆಲ್ಲ ಇಳಿಯುವಾಗ ಅವನಿಗೆ ಬೆವರು ಬರುತ್ತಿತ್ತು, ಕೈ ನಡುಗುತ್ತಿತ್ತು, ಕಿಸೆಯಿಂದ ಗ್ಲೂಕೋಸ್ ಬಿಲ್ಲೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ವರ್ಷಗಳು ಕಳೆದ ಹಾಗೆ ಆ ಸೂಚನೆಗಳೇ ನಿಂತುಹೋದವು. ಅದಕ್ಕೇ ಡಾಕ್ಟರು ಅವನ ತೋಳಿಗೆ ನಾಣ್ಯದಷ್ಟು ಅಗಲದ ಒಂದು ಸೆನ್ಸರ್ ಅಂಟಿಸಿದರು. ಅದು ಐದು ನಿಮಿಷಕ್ಕೊಮ್ಮೆ ಸಕ್ಕರೆ ಅಳೆದು ಫೋನಿನ ಆ್ಯಪ್‌ಗೆ ಕಳಿಸುತ್ತದೆ. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಫೋನು ಕೂಗುತ್ತದೆ. ನಾನು ಆ ದಿನ ಎಷ್ಟೋ ವರ್ಷದ ಮೇಲೆ ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಿದೆ.

ಆ ನೆಮ್ಮದಿ ಹದಿನೈದು ದಿನ.

"ಅಕ್ಕ, ಇದು ಮೋಟರ್ ಕೋಣೆಯಲ್ಲಿ ಕೇಳ್ಸೋದೇ ಇಲ್ಲ," ಅಂದ ತಮ್ಮ. "ನಿನ್ನೆ ಅರವತ್ತೊಂದಿತ್ತು. ಕೂಗಿ ಕೂಗಿ ಸುಮ್ಮನಾಗಿದೆ. ನಾನು ಊಟಕ್ಕೆ ಕೂತಾಗ ನೋಡಿದ್ದು."

ಲಿಫ್ಟಿನ ಮೋಟರ್ ಕೋಣೆ ಕಟ್ಟಡದ ನೆತ್ತಿಯ ಮೇಲಿರುತ್ತದೆ. ಒಮ್ಮೆ ಹೋಗಿ ನೋಡಿದ್ದೇನೆ. ಗ್ರೀಸಿನ ವಾಸನೆ, ಕಾದ ಕಬ್ಬಿಣ, ಉಕ್ಕಿನ ಹಗ್ಗಗಳು ಗಾಲಿಯ ಮೇಲೆ ಓಡುವ ಗರಗರ ಸದ್ದು. ಪಕ್ಕದಲ್ಲಿ ನಿಂತವರು ಕಿರುಚಿದರೂ ಬಾಯಿ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಹೊಸ ಫೋನ್ ತಗೋ ಅಂದೆ. ಈಗಿನವೆಲ್ಲ ತಟ್ಟೆಯಷ್ಟಗಲ, ಮೇಲಂಗಿಯ ಎದೆಕಿಸೆಯಲ್ಲಿ ಕೂರುವುದಿಲ್ಲ, ಬಗ್ಗಿದರೆ ಲಿಫ್ಟ್ ಓಡಾಡುವ ಬಾವಿಗೆ ಬೀಳುತ್ತವೆ ಅಂದ. ಈ ಗಿಡ್ಡ ಫೋನು ಎರಡು ಸಲ ಬಿದ್ದೂ ಬದುಕಿತ್ತು. ಅದರ ಮೇಲೆ ಅವನಿಗೆ ಮಗುವಿನ ಮೇಲಿನಷ್ಟು ಮೋಹ.

ಸ್ಪೀಕರಿಗೆ ಇನ್ನೂ ಜೋರಾಗಿ ಕೂಗುವ ಶಕ್ತಿ ಇತ್ತು, ಕಂಪನಿ ಮಿತಿ ಹಾಕಿತ್ತು. ಆ ಮಿತಿ ತೆಗೆಯಬೇಕಾದರೆ ರೂಟ್ ಮಾಡಬೇಕು. ಒಂದು ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಫೋಟೋ, ನಂಬರು ಎಲ್ಲ ಬೇರೆ ಕಡೆ ಎತ್ತಿಟ್ಟು, ಬೀಗ ತೆಗೆದು, ರೂಟ್ ಮಾಡಿ, ಸ್ಪೀಕರಿನ ಮಿತಿ ಹರಿದು ಹಾಕಿದೆ. ಅಲಾರಂ ಪರೀಕ್ಷೆ ಮಾಡಿದಾಗ ಎದುರಿನ ಬಟ್ಟೆ ಅಂಗಡಿಯವರು ಏನಾಯಿತೆಂದು ಓಡಿ ಬಂದರು. ತಮ್ಮ ಕುಣಿಯುವುದೊಂದು ಬಾಕಿ.

ಆದರೆ ಸಕ್ಕರೆಯ ಆ್ಯಪ್ ತೆರೆಯಲು ಒಪ್ಪಲಿಲ್ಲ. "ಈ ಫೋನನ್ನು ಮಾರ್ಪಡಿಸಲಾಗಿದೆ, ಸುರಕ್ಷತೆಗಾಗಿ ಆ್ಯಪ್ ಕೆಲಸ ಮಾಡುವುದಿಲ್ಲ" ಎಂದು ಬರೆದುಕೊಂಡು ಕೂತಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸುವವಳಲ್ಲ. ರೂಟ್ ಆಗಿರುವುದು ಆ್ಯಪ್‌ಗೆ ಕಾಣದಂತೆ ಮುಚ್ಚಿಡುವ ಉಪಾಯವೂ ಇದೆ, ಅದನ್ನು ಮಾಡಿದೆ. ಆ್ಯಪ್ ಮೋಸಹೋಗಿ ತೆರೆದುಕೊಂಡಿತು. ಹೊಸ ಆವೃತ್ತಿ ಬಂದರೆ ಕೆಟ್ಟೀತೆಂದು ಅಪ್‌ಡೇಟ್ ನಿಲ್ಲಿಸಿದೆ. ದಿನವಿಡೀ ಟಿಣ್ ಟಿಣ್ ಅನ್ನುವ ಸೂಚನೆಗಳು ತಲೆ ತಿನ್ನುತ್ತವೆ ಎಂದು ತಮ್ಮ ಗೊಣಗಿದ್ದಕ್ಕೆ ಅಲಾರಂ ಒಂದನ್ನು ಬಿಟ್ಟು ಮಿಕ್ಕ ಎಲ್ಲ ಸೂಚನೆಗಳ ಬಾಯಿ ಕಟ್ಟಿದೆ.

"ನೀನು ಬಿಡಕ್ಕ, ನಿನ್ನ ಕೈಯಲ್ಲಿ ಆಗ್ದೇ ಇರೋದು ಏನಿದೆ?" ಅಂದ.

ಆ ಮಾತು ನನ್ನ ತಲೆಗೇರಿತು. ಅವನು ಸ್ನಾನಕ್ಕೆ ಹೋದಾಗ ಇನ್ನೊಂದು ಕೆಲಸ ಮಾಡಿದೆ. ಅದನ್ನು ಅವನಿಗೆ ಹೇಳಲಿಲ್ಲ.

ಸಾಮಾನ್ಯ ಫೋನಿನಲ್ಲಿ ಒಂದು ಆ್ಯಪ್‌ನ ಒಳಗಿರುವುದು ಇನ್ನೊಂದಕ್ಕೆ ಕಾಣುವುದಿಲ್ಲ. ರೂಟ್ ಆದ ಮೇಲೆ ಎಲ್ಲ ಕಾಣುತ್ತದೆ. ಸಕ್ಕರೆಯ ಆ್ಯಪ್ ಬರೆದಿಡುವ ಕೊನೆಯ ಅಂಕಿಯನ್ನು ಐದು ನಿಮಿಷಕ್ಕೊಮ್ಮೆ ಓದಿ ನನಗೆ ಕಳಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದು ಒಳಗೆ ಕೂರಿಸಿದೆ. ಅಂಗಡಿಯಲ್ಲಿ ಗಾಜು ಒಡೆದ ಹಳೇ ಫೋನೊಂದಿತ್ತು. ಅದನ್ನು ಸ್ಕ್ರೂ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅದರ ಮೇಲೆ ತಮ್ಮನ ಸಕ್ಕರೆ, ಪಕ್ಕದಲ್ಲಿ ಸಮಯ. ಯಾರಾದರೂ ಕೇಳಿದರೆ ಹವಾಮಾನ ಅನ್ನುತ್ತಿದ್ದೆ.

ಎಂಟು ತಿಂಗಳು ಹಾಗೆ ನಡೆಯಿತು. ಅಂಕಿ ಎಂಬತ್ತಕ್ಕೆ ಇಳಿದರೆ ಅಲಾರಂ ಹೊಡೆಯುವ ಮೊದಲೇ ನಾನು ಫೋನ್ ಮಾಡುತ್ತಿದ್ದೆ. "ಊಟ ಆಯ್ತೇನೋ? ಯಾಕೋ ನಿನ್ನ ನೆನಪಾಯ್ತು. ಏನಾದ್ರೂ ಬಾಯಿಗೆ ಹಾಕ್ಕೋ." ಅವನಿಗೆ ಆಶ್ಚರ್ಯ. ಜೊತೆಯ ಮೆಕ್ಯಾನಿಕ್‌ಗೆ ಹೇಳುತ್ತಿದ್ದನಂತೆ, ನಮ್ಮಕ್ಕನಿಗೆ ಫೋನು ಗೀನು ಬೇಡ, ಕರುಳೇ ಹೇಳತ್ತೆ ಅಂತ. ಆ ಜೊತೆಯವನು ಐವತ್ತೈದು ದಾಟಿದ ದಪ್ಪ ಮನುಷ್ಯ, ಮಂಡಿ ನೋವಿನವನು. ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದವನಲ್ಲವಾದ್ದರಿಂದ ಎಲ್ಲರೂ ಅವನನ್ನು ಅರ್ಜೆಂಟಪ್ಪ ಅನ್ನುತ್ತಾರೆ. ಒಮ್ಮೆ ಅಂಗಡಿಗೆ ಬಂದಾಗ ನನಗೆ ಕೈ ಮುಗಿದು, "ತಾಯಿ, ನಿಮ್ಮಂಥ ಅಕ್ಕ ಎಲ್ರಿಗೂ ಇರ್ಬೇಕು," ಅಂದ. ನಾನು ಸುಮ್ಮನೆ ನಕ್ಕೆ. ಸುಮ್ಮನೆ ನಗಲು ನನಗೆ ಕಷ್ಟವೇನೂ ಆಗಲಿಲ್ಲ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದು ನಡೆದದ್ದು ಮಂಗಳವಾರ. ಬೆಳಿಗ್ಗೆಯಿಂದ ಅಂಗಡಿಯಲ್ಲಿ ನೀರಿಗೆ ಬಿದ್ದ ಫೋನೊಂದರ ಜೊತೆ ಒದ್ದಾಡುತ್ತಿದ್ದೆ. ಹನ್ನೊಂದೂ ಐದಕ್ಕೆ ಒಡೆದ ಗಾಜಿನ ಮೇಲೆ ನೂರ ಹನ್ನೆರಡು ಬಂತು. ಒಳ್ಳೆಯ ಅಂಕಿ. ಹನ್ನೊಂದೂವರೆಗೆ ನೋಡಿದೆ, ನೂರ ಹನ್ನೆರಡು. ಹನ್ನೆರಡಕ್ಕೆ ನೂರ ಹನ್ನೆರಡು. ಇವತ್ತು ಹೊತ್ತಿಗೆ ಸರಿಯಾಗಿ ತಿಂದಿದ್ದಾನೆ, ಬುದ್ಧಿ ಬಂದಿದೆ ಅಂದುಕೊಂಡೆ. ಒಂದು ಗಂಟೆಗೆ ಶಟರ್ ಅರ್ಧ ಇಳಿಸಿ ಊಟ ಮಾಡಿದೆ. ಅವಸರವಿಲ್ಲದೆ, ಅಗಿದು, ರುಚಿ ನೋಡಿ ಉಂಡೆ. ಉಂಡ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕೂತೆ. ಒಂದೂವರೆಗೆ ಒಂದು ಕಣ್ಣು ತೆರೆದು ನೋಡಿದೆ, ಅದೇ ನೂರ ಹನ್ನೆರಡು. ಎಂಥ ಸುಖವಾಗಿತ್ತು ಆ ಮಧ್ಯಾಹ್ನ! ನನ್ನನ್ನು ನಾನು ಕ್ಷಮಿಸಿಕೊಳ್ಳಲಾರದೆ ಇರುವುದು ಆ ಸುಖಕ್ಕೆ.

ಎರಡು ಗಂಟೆ ಹತ್ತು ನಿಮಿಷಕ್ಕೆ ಅರ್ಜೆಂಟಪ್ಪನ ಫೋನು. ಏದುಸಿರು.

"ಅಮ್ಮಾ, ನಿಮ್ಮ ತಮ್ಮ ಬಿದ್ದಿದಾನೆ. ಮೇಲೆ, ಮೋಟರ್ ಕೋಣೇಲಿ. ಮಾತಾಡಿಸಿದ್ರೆ ಮಾತಿಲ್ಲ. ಆಂಬ್ಯುಲೆನ್ಸ್ ಬಂತು, ಕರ್ಕೊಂಡು ಹೋಗ್ತಾ ಇದೀವಿ, ಬನ್ನಿ."

ಒಡೆದ ಫೋನಿನ ಕಡೆ ನೋಡಿದೆ. ನೂರ ಹನ್ನೆರಡು, ಸಮಯ ಎರಡೂ ಹತ್ತು. ಸಕ್ಕರೆ ಅಲ್ಲ, ಬೇರೇನೋ ಆಗಿದೆ ಅಂದುಕೊಂಡೆ. ಹೃದಯವಿರಬೇಕು, ಇಲ್ಲ ಕರೆಂಟು ಹೊಡೆದಿರಬೇಕು. ದಾರಿಯುದ್ದಕ್ಕೂ ಆಟೋದಲ್ಲಿ ಅದನ್ನೇ ನೂರೆಂಟು ಸಲ ಹೇಳಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ಬಂದಾಗ ಶುಗರ್ ಇಪ್ಪತ್ತೆಂಟು. ಇನ್ನೊಂದು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು."

ಅವರಿಬ್ಬರೂ ಆ ದಿನ ಆರು ಮಹಡಿಯ ಕಟ್ಟಡವೊಂದರಲ್ಲಿದ್ದರಂತೆ. ತಮ್ಮ ಮೇಲೆ, ಅರ್ಜೆಂಟಪ್ಪ ಕೆಳಗೆ ಲಿಫ್ಟಿನ ಬಾವಿಯಲ್ಲಿ. ಲಿಫ್ಟ್ ನಿಲ್ಲಿಸಿದ್ದರು. ಊಟಕ್ಕೆ ಬಾ ಎಂದು ಕೂಗಿದ್ದಕ್ಕೆ ಉತ್ತರವಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ಆ ಮಂಡಿ ನೋವಿನ ಮನುಷ್ಯ ಆರು ಮಹಡಿ ಮೆಟ್ಟಿಲು ಹತ್ತಿ ಹೋಗಿ ನೋಡಿದ್ದ. ಈಗ ವಾರ್ಡಿನ ಹೊರಗೆ ಬೆಂಚಿನ ಮೇಲೆ ಎರಡೂ ಮಂಡಿ ಹಿಡಿದುಕೊಂಡು ಕೂತಿದ್ದ. ನನ್ನನ್ನು ನೋಡಿ ಏಳಲು ಹೋದ, ಬೇಡ ಅಂದೆ.

ಒಳಗೆ ತಮ್ಮನ ಕಣ್ಣು ತೆರೆದಿತ್ತು. ಕೈಗೆ ಗ್ಲೂಕೋಸಿನ ನಳಿಗೆ. ಹಣೆಯ ಮೇಲೆ ಬಿದ್ದ ಗಾಯಕ್ಕೆ ಹತ್ತಿ. ಹಾಸಿಗೆಯ ಪಕ್ಕ ಕೂತು ಅವನ ಕಾಲು ಒತ್ತಿದೆ. ಡಾಕ್ಟರಮ್ಮ ಅವನ ಫೋನು ಕೈಗೆ ಕೊಟ್ಟು, "ಅಲಾರಂ ಯಾಕೆ ಹೊಡೀಲಿಲ್ಲ ನೋಡಿ," ಅಂದರು. ಅವನು ಆ್ಯಪ್ ತೆರೆದ. "ಈ ಫೋನನ್ನು ಮಾರ್ಪಡಿಸಲಾಗಿದೆ. ಆ್ಯಪ್ ಸ್ಥಗಿತಗೊಂಡಿದೆ." ಕೆಳಗೆ ಸಮಯ, ಬೆಳಿಗ್ಗೆ ಹನ್ನೊಂದೂ ಆರು.

ನಾನು ಅಪ್‌ಡೇಟ್ ನಿಲ್ಲಿಸಿದ್ದರೂ, ದೂರದಿಂದಲೇ ನಡೆಸುವ ತಪಾಸಣೆಯಲ್ಲಿ ನನ್ನ ಉಪಾಯ ಕೊನೆಗೂ ಆ್ಯಪ್‌ನವರಿಗೆ ಗೊತ್ತಾಗಿತ್ತು. ಆ್ಯಪ್ ತನ್ನ ಪಾಡಿಗೆ ಬಾಗಿಲು ಹಾಕಿಕೊಂಡಿತ್ತು. ಹಾಕಿಕೊಳ್ಳುವ ಮುಂಚೆ ಒಂದು ಸೂಚನೆಯನ್ನೂ ಕಳಿಸಿತ್ತು. ಆದರೆ ಸೂಚನೆಗಳ ಬಾಯಿ ಕಟ್ಟಿದವಳು ನಾನು. ಫೋನು ಸುಮ್ಮನಿತ್ತು, ಸಕ್ಕರೆ ಸರಿಯಿದೆ ಅಂದುಕೊಂಡ ತಮ್ಮ. ಮೌನವೇ ಸಮ್ಮತಿ ಅನ್ನುವ ಮಾತನ್ನು ನಂಬಿ ಬೀಳುವವರೆಗೂ ಕೆಲಸ ಮಾಡಿದ್ದ.

ನನಗೆ ಅಷ್ಟು ಬೇಗ ಹೊಳೆಯಲಿಲ್ಲ. ಬಾಯಿ ಮೊದಲು ಓಡಿತು.

"ಅದು ಹೇಗೋ? ಎರಡೂ ಹತ್ತಕ್ಕೂ ನೂರ ಹನ್ನೆರಡೇ ಇತ್ತಲ್ಲ!"

ತಮ್ಮ ಫೋನಿನಿಂದ ತಲೆ ಎತ್ತಿದ. ಡಾಕ್ಟರಮ್ಮ ನನ್ನನ್ನೂ ಅವನನ್ನೂ ನೋಡಿ ಪಕ್ಕದ ಹಾಸಿಗೆಗೆ ಹೋದರು.

"ನಿನಗೆ ಹೇಗೆ ಗೊತ್ತು?" ಅಂದ.

ಸುಳ್ಳು ಹೇಳಬಹುದಿತ್ತು. ಹೇಳುವ ತ್ರಾಣ ಇರಲಿಲ್ಲ. ಎಲ್ಲ ಹೇಳಿದೆ. ಪ್ರೋಗ್ರಾಮು, ಒಡೆದ ಫೋನು, ಸ್ಕ್ರೂ ಡಬ್ಬಿ. ಹೇಳುತ್ತ ಹೇಳುತ್ತ ನನ್ನ ತಪ್ಪು ನನಗೇ ತಿಳಿಯುತ್ತ ಹೋಯಿತು. ನನ್ನ ಪ್ರೋಗ್ರಾಮು ಅಂಕಿಯ ಪಕ್ಕದಲ್ಲಿ ಬರೆಯುತ್ತಿದ್ದದ್ದು ಅದನ್ನು ನನಗೆ ಕಳಿಸಿದ ಸಮಯ, ಸೆನ್ಸರ್ ಅಳೆದ ಸಮಯವಲ್ಲ. ಆ್ಯಪ್ ನಿಂತ ಮೇಲೂ ಅದು ಅದೇ ಹಳೇ ಅಂಕಿಯನ್ನು ಐದೈದು ನಿಮಿಷಕ್ಕೆ ಎತ್ತಿಕೊಂಡು ಬಂದು, ಹೊಸ ಸಮಯ ಹಾಕಿ ನನ್ನ ಮುಂದಿಡುತ್ತಿತ್ತು. ತಂಗಳನ್ನು ಬಿಸಿ ಮಾಡಿ ಬಡಿಸಿದ ಹಾಗೆ. ಮನುಷ್ಯನ ಸಕ್ಕರೆ ಮೂರು ಗಂಟೆ ಒಂದೇ ಅಂಕಿಯ ಮೇಲೆ ನಿಲ್ಲುವುದಿಲ್ಲ ಅನ್ನುವುದು ಇಪ್ಪತ್ತನಾಲ್ಕು ವರ್ಷದಿಂದ ಬಲ್ಲವಳು, ಅದನ್ನು ನೋಡಿ ನೋಡಿ ಕಣ್ಣು ಮುಚ್ಚಿದ್ದೆ.

"ಎಷ್ಟು ದಿನದಿಂದ?" ಅಂದ.

"ರೂಟ್ ಮಾಡಿದ ದಿನದಿಂದ."

"ಹಾಗಾದ್ರೆ ನೀನು ಫೋನ್ ಮಾಡ್ತಿದ್ದದ್ದು..."

ತಲೆಯಾಡಿಸಿದೆ.

ಅವನು ನಳಿಗೆಯಲ್ಲಿ ಹನಿ ಬೀಳುವುದನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, "ಕರುಳು ಕರುಳು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ನಲ್ಲಕ್ಕ," ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕಾಲನ್ನು ನನ್ನ ಕೈಯಿಂದ ನಿಧಾನವಾಗಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ನನ್ನ ಕಾವಲು.

ಹೊರಗೆ ಬಂದು ಬೆಂಚಿನ ಮೇಲೆ ಅರ್ಜೆಂಟಪ್ಪನ ಪಕ್ಕ ಕೂತು ಅತ್ತುಬಿಟ್ಟೆ. ಅವನು, ನನ್ನ ತಮ್ಮ ಬದುಕಿದ ಸಂತೋಷಕ್ಕೆ ಅಳುತ್ತಿದ್ದೇನೆ ಅಂದುಕೊಂಡು, "ಆಯ್ತಲ್ಲ ತಾಯಿ, ಗಂಡಾಂತರ ಕಳೀತು," ಎಂದು ಸಮಾಧಾನ ಮಾಡಿದ.

ತಮ್ಮ ಎರಡೇ ದಿನಕ್ಕೆ ಮನೆಗೆ ಬಂದ. ಮಾತು ಬೇಕಾದಷ್ಟೇ. ನೀರು ಬಿಸಿಯಾಗಿದೆಯಾ, ಆಗಿದೆ. ಊಟಕ್ಕೆ ಬರ್ತೀಯಾ, ಬರ್ತೀನಿ. ನಾನು ಕಾಲು ಗಂಟೆಗೊಮ್ಮೆ ನೆಪ ಹುಡುಕಿಕೊಂಡು ಮೇಲೆ ಹೋಗಿ ನೋಡಿ ಬರುತ್ತಿದ್ದೆ. ಅವನು ಬೆರಳು ಚುಚ್ಚಿ ಹಳೇ ಯಂತ್ರದಲ್ಲಿ ಸಕ್ಕರೆ ನೋಡಿಕೊಳ್ಳುತ್ತಿದ್ದ. ನಾನು ಬಾಗಿಲಿಗೆ ಬಂದರೆ ಯಂತ್ರವನ್ನು ಬೋರಲು ಹಾಕುತ್ತಿದ್ದ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಅಂಗಡಿಯೊಳಗೆ ಬಂದು ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ಫೋನನ್ನು ಮೇಜಿನ ಮೇಲಿಟ್ಟ.

"ಇದನ್ನ ಕಂಪನಿ ಕೊಟ್ಟ ಹಾಗೆ ಮಾಡ್ಕೊಡು. ನೀನು ಹಾಕಿದ್ದು ಒಂದೂ ಇರಬಾರ್ದು. ನಾನು ಇಲ್ಲೇ ಕೂತಿರ್ತೀನಿ."

"ಎಲ್ಲ ಅಳಿಸಿಹೋಗತ್ತೆ ಕಣೋ. ಅಲಾರಂ ಕೂಡ ಮೊದಲಿನ ಹಾಗೆ ಮೆತ್ತಗಾಗತ್ತೆ."

"ಹೋಗ್ಲಿ. ಆಗ್ಲಿ."

ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಕೂತಿದ್ದ. ಕಂಪನಿಯ ಮೂಲ ಸಾಫ್ಟ್‌ವೇರ್ ಹಾಕಿದೆ, ಬೀಗ ಮತ್ತೆ ಹಾಕಿದೆ. ನಲವತ್ತು ನಿಮಿಷ ಹಿಡಿಯಿತು. ಫೋನು ಹೊಸದರಂತೆ ಎದ್ದು ಭಾಷೆ ಯಾವುದು ಎಂದು ಕೇಳಿತು. ಅವನೇ ಎತ್ತಿಕೊಂಡು ಸಕ್ಕರೆಯ ಆ್ಯಪ್ ಹಾಕಿಕೊಂಡ. ಅದು ತಕರಾರಿಲ್ಲದೆ ತೆರೆಯಿತು, ತೋಳಿನ ಸೆನ್ಸರ್ ಹುಡುಕಿಕೊಂಡಿತು. ಅವನು ಪುಟದಿಂದ ಪುಟಕ್ಕೆ ನಿಧಾನವಾಗಿ ಓದುತ್ತ ಹೋದ. ಒಂದು ಕಡೆ ನಿಂತ.

"ಇದೇನಕ್ಕ ಇದು?"

ಬಗ್ಗಿ ನೋಡಿದೆ. "ಜೊತೆಗಾರರನ್ನು ಸೇರಿಸಿ" ಎಂದು ಬರೆದಿತ್ತು. ನಿಮ್ಮ ಸಕ್ಕರೆಯ ಅಂಕಿಯನ್ನು ನಿಮ್ಮವರೊಬ್ಬರು ತಮ್ಮ ಫೋನಿನಲ್ಲಿ ನೋಡಬಹುದು, ಇಳಿದರೆ ಅವರ ಫೋನೂ ಕೂಗುತ್ತದೆ, ಆ್ಯಪ್ ನಿಂತರೂ ಅವರಿಗೆ ತಿಳಿಯುತ್ತದೆ. ಕೆಳಗೆ ಒಂದು ನಂಬರ್ ಬರೆಯಲು ಜಾಗ.

"ಇದು ಮೊದಲಿಂದಲೂ ಇತ್ತಾ?"

"ಇತ್ತು ಅನ್ಸತ್ತೆ," ಅಂದೆ. ಆ ಫೋನಿನ ಹೊಟ್ಟೆ ಬಗೆದು ನೋಡಿದವಳು ನಾನು. ಎಲ್ಲರಿಗೂ ಕಾಣುವ ಈ ಪುಟವನ್ನು ಮಾತ್ರ ಒಂದು ಸಲವೂ ತೆರೆದಿರಲಿಲ್ಲ.

"ಇಷ್ಟೇನಾ? 'ನನ್ನ ನಂಬರ್ ಹಾಕೋ' ಅಂತ ನೀನು ಒಂದು ಮಾತು ಕೇಳಿದ್ರೆ ಹಾಕ್ತಿದ್ನಲ್ಲಕ್ಕ."

ಅನ್ನುತ್ತಲೇ ಅವನು ನಂಬರ್ ಒತ್ತತೊಡಗಿದ. ನನ್ನದಲ್ಲ. ಒತ್ತಿದ ಮೊದಲ ಮೂರು ಅಂಕಿಗೇ ಗೊತ್ತಾಯಿತು. ಅರ್ಜೆಂಟಪ್ಪನದು.

"ಅವನು ಪಕ್ಕದಲ್ಲಿರ್ತಾನೆ," ಅಂದ, ನನ್ನ ಮುಖ ನೋಡದೆ. "ಕೆಲಸದಲ್ಲಿ ನನ್ನ ಮೇಲೊಂದು ಕಣ್ಣಿಡು ಅಂತ ನಿನ್ನೆನೇ ಕೇಳಿದ್ದೆ. ಆಯ್ತು ಅಂದ."

"ಸರಿಯಾಗಿ ಮಾಡಿದೆ," ಅಂದೆ. ಸರಿಯಾಗಿಯೇ ಮಾಡಿದ್ದ. ಬುದ್ಧಿಗೆ ಒಪ್ಪಿಗೆಯಾದದ್ದು ಹೊಟ್ಟೆಗೆ ಒಪ್ಪಿಗೆಯಾಗಬೇಕಲ್ಲ. "ಇನ್ನೊಬ್ಬರನ್ನೂ ಸೇರಿಸಬಹುದು ಅಂತ ಬರೆದಿದೆ. ಈಗ ಕೇಳ್ತಾ ಇದೀನಿ. ನನ್ನದೂ ಹಾಕ್ತೀಯಾ?"

ಅವನ ಬೆರಳು ಆ ಖಾಲಿ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತಿತು.

"ಹಾಕ್ತೀನಕ್ಕ. ಇವತ್ತು ಬೇಡ."

ಫೋನನ್ನು ಎದೆಕಿಸೆಯಲ್ಲಿಟ್ಟುಕೊಂಡು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, ಬರ್ತೀನಿ ಎಂದು ಹೇಳಿ ಹೋದ. ರಸ್ತೆ ದಾಟುವವರೆಗೂ ನೋಡುತ್ತ ನಿಂತಿದ್ದೆ. ಆಮೇಲೆ ಬಂದವರ ಫೋನುಗಳನ್ನು ಬಿಚ್ಚಿದೆ, ಮುಚ್ಚಿದೆ, ಒಂದು ಗಂಟೆಗೆ ಶಟರ್ ಅರ್ಧ ಇಳಿಸಿ ಡಬ್ಬಿ ತೆಗೆದೆ, ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಆ ಮಧ್ಯಾಹ್ನ ಅವನ ಸಕ್ಕರೆ ಎಷ್ಟಿತ್ತೋ ನನಗೆ ಗೊತ್ತಿಲ್ಲ.